ಕೊಂಡಿದ್ದಾಯ್ತು, ಇನ್ನು ಕಾಯೋರ್ಯಾರು?

ಕಾಡು, ಜೌಗು, ಕೆರೆ ಉಳಿಸೋದು ಅಂದ್ರೆ ನಮಗೆ ಗೊತ್ತಿರೋ ದಾರಿ ಎರಡೇ. ಒಂದು, ಸರ್ಕಾರ ಉಳಿಸಬೇಕು. ಇನ್ನೊಂದು, ಸರ್ಕಾರ ಉಳಿಸ್ತಿಲ್ಲ ಅಂತ ನಾವು ಬೀದಿಗಿಳೀಬೇಕು, ಇಲ್ಲಾ ಕೋರ್ಟಿಗೆ ಹೋಗಬೇಕು. ಮೂರನೇ ದಾರಿಯೂ ಒಂದಿದೆ. ಜನರೆಲ್ಲ ಚಂದಾ ಎತ್ತಿ ಆ ಜಾಗವನ್ನೇ ಕೊಂಡುಬಿಡೋದು! ಕೊಂಡು, ಏನೂ ಕಟ್ಟದೆ ಹಾಗೇ ಬಿಡೋದು. ಕೇಳಿದರೆ ತಲೆಕೆಟ್ಟವರ ಕೆಲಸ ಅನ್ನಿಸುತ್ತೆ. ಆದರೆ ನಾನೀಗ ಕೆಲಸ ಮಾಡ್ತಿರೋ ಸಿಲಿಕಾನ್ ವ್ಯಾಲಿಯಲ್ಲಿ, ಎಕರೆಗೆ ಎಷ್ಟು ಅಂತ ಕೇಳಿದರೇ ಎದೆ ಧಸಕ್ ಅನ್ನೋ ಈ ಜಾಗದಲ್ಲಿ, ಇದು ಹತ್ತಿರಹತ್ತಿರ ಐವತ್ತು ವರ್ಷದಿಂದ ನಡೀತಾ ಬಂದಿದೆ.

ಇಂಥ ಸಂಸ್ಥೆಗಳಿಗೆ ಇಲ್ಲಿ ಲ್ಯಾಂಡ್ ಟ್ರಸ್ಟ್ ಅಂತಾರೆ. ಈ ಯೋಚನೆ ಹಳೆಯದು. 1891ರಲ್ಲಿ ಚಾರ್ಲ್ಸ್ ಎಲಿಯಟ್ ಅನ್ನೋರ ಪ್ರಯತ್ನದಿಂದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮೊದಲನೆಯದು ಹುಟ್ಟಿತು. ನಮ್ಮ ಕಡೆಯದರ ಹೆಸರು ಪೆನಿನ್ಸುಲಾ ಓಪನ್ ಸ್ಪೇಸ್ ಟ್ರಸ್ಟ್, ಶುರುವಾದದ್ದು 1977ರಲ್ಲಿ. ಸ್ಯಾನ್ ಮಟೆಯೊ, ಸ್ಯಾಂಟಾ ಕ್ಲಾರಾ, ಸ್ಯಾಂಟಾ ಕ್ರೂಜ್ ಕೌಂಟಿಗಳಲ್ಲಿ ಇಲ್ಲಿಯವರೆಗೆ 90,000 ಎಕರೆಗೂ ಹೆಚ್ಚು ಬೆಟ್ಟ, ಕಾಡು, ಜೌಗು, ಹೊಲಗಳನ್ನು ಉಳಿಸಿದೆ. ಕೆಲವನ್ನು ತಾನೇ ಇಟ್ಟುಕೊಂಡಿದೆ, ಬಹಳಷ್ಟನ್ನು ಸರ್ಕಾರದ ಪಾರ್ಕುಗಳಿಗೆ, ವನ್ಯಧಾಮಗಳಿಗೆ ದಾಟಿಸಿದೆ.

ಕನ್ನಡದವರಿಗೆ ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಈ ಪದ್ಧತಿಯನ್ನು ಹೊಗಳೋರು ಒಂದು ಅರ್ಧ ಮಾತ್ರ ಹೇಳ್ತಾರೆ. "ನೋಡಿ, ಜನ ದುಡ್ಡು ಹಾಕಿ ಕಾಡು ಕೊಂಡರು, ಕಾಡು ಉಳೀತು" ಅಂತ. ನನ್ನ ಅಭಿಪ್ರಾಯ ಬೇರೆ. ಕೊಂಡ ದಿನ ಏನೂ ಉಳಿಯೋದಿಲ್ಲ. ಅವತ್ತು ಉಳಿಸೋ ಅವಕಾಶ ಸಿಗುತ್ತೆ, ಅಷ್ಟೇ. ಉಳಿಯೋದು ಆಮೇಲೆ ಇಪ್ಪತ್ತು ಮೂವತ್ತು ವರ್ಷ ಯಾರೋ ದಿನಾ ಮಾಡೋ, ಯಾರೂ ಫೋಟೋ ತೆಗೆಯದ ಕೆಲಸದಿಂದ. ನಮ್ಮ ದೇಣಿಗೆ ಹೋಗಬೇಕಾದ್ದು ಮುಖ್ಯವಾಗಿ ಅದಕ್ಕೆ.

ಒಂದು ಉದಾಹರಣೆ ಕೊಡ್ತೀನಿ. ರೆಡ್‌ವುಡ್ ಸಿಟಿ ಅನ್ನೋ ಊರಿಗೆ ಅಂಟಿಕೊಂಡು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಂಚಿನಲ್ಲಿ ಬೇರ್ ಐಲ್ಯಾಂಡ್ ಅಂತ ಒಂದು ಜೌಗು ಪ್ರದೇಶ ಇದೆ. ಉಬ್ಬರದಲ್ಲಿ ನೀರು ತುಂಬಿ, ಇಳಿತದಲ್ಲಿ ಕೆಸರು ಕಾಣೋ ಜಾಗ. ಕುಮಟಾ ಕಡೆಯವರಿಗೆ ಅಘನಾಶಿನಿಯ ಗಜನಿಯನ್ನು ನೆನಪಿಸಿಕೊಳ್ಳಿ ಅಂದ್ರೆ ಸಾಕು, ಅರ್ಥ ಆಗುತ್ತೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಒಬ್ಬರು ದನ ಮೇಯಿಸೋಕೆ ಅಂತ ಇದಕ್ಕೆ ಒಡ್ಡು ಹಾಕಿಸಿದರು. ಆಮೇಲೆ ಅದು ಉಪ್ಪಿನ ಆಗರ ಆಯ್ತು, ನಮ್ಮ ಸಾಣಿಕಟ್ಟೆಯ ಥರ. 1965ರಲ್ಲಿ ಉಪ್ಪು ತೆಗೆಯೋದೂ ನಿಂತಿತು. ಮುಂದಿನದು ನಿಮಗೆ ಗೊತ್ತೇ ಇದೆ: ಮನೆ, ಆಫೀಸು ಕಟ್ಟೋ ದೊಡ್ಡ ಯೋಜನೆ ಬಂತು. 1982ರಲ್ಲಿ ಊರವರು ಇದನ್ನು ಮತಕ್ಕೆ ಹಾಕಿಸಿದರು. ಯೋಜನೆ ಬಿದ್ದುಹೋಯ್ತು. ಎಷ್ಟು ಮತದಲ್ಲಿ ಗೊತ್ತಾ? ಬರೀ 42! ನಮ್ಮ ಗ್ರಾಮ ಪಂಚಾಯ್ತಿ ಎಲೆಕ್ಷನ್ ಲೆಕ್ಕ :)

ಆದರೆ ಮತದಲ್ಲಿ ಗೆದ್ದ ಮಾತ್ರಕ್ಕೆ ಜಾಗ ಕೈಗೆ ಬರಲ್ಲವಲ್ಲ. ಮಾಲೀಕರು ಬದಲಾದರು, ಜಾಗ ಮಾರಾಟದ ಸರಕಾಗೇ ಉಳೀತು. ಕೊನೆಗೆ 1997ರಲ್ಲಿ ಟ್ರಸ್ಟ್ ಸುಮಾರು 1,600 ಎಕರೆಯನ್ನು 1.5 ಕೋಟಿ ಡಾಲರಿಗೆ ಕೊಂಡಿತು. ಆಮೇಲೆ ಅದು ಡಾನ್ ಎಡ್ವರ್ಡ್ಸ್ ಹೆಸರಿನ ರಾಷ್ಟ್ರೀಯ ವನ್ಯಧಾಮದ ಭಾಗ ಆಯ್ತು. ಕಥೆ ಇಲ್ಲಿಗೇ ಮುಗೀತು ಅಂದುಕೊಂಡಿದ್ದೆ ನಾನು. ಆದರೆ ಒಳಭಾಗದ ಕೊನೆಯ ಒಡ್ಡು ಒಡೆದು ಸಮುದ್ರದ ನೀರನ್ನು ಒಳಗೆ ಬಿಟ್ಟಿದ್ದು ಯಾವಾಗ ಅಂತ ನೋಡಿ: 2015ರ ಡಿಸೆಂಬರ್. ಕೊಂಡ ಹದಿನೆಂಟು ವರ್ಷದ ಮೇಲೆ!

ಯಾಕಿಷ್ಟು ತಡ? ನೂರು ವರ್ಷ ಒಡ್ಡಿನ ಹಿಂದೆ ಒಣಗಿದ ನೆಲ ಕುಸಿದು ತಗ್ಗಾಗಿರುತ್ತೆ. ಹಾಗೇ ನೀರು ಬಿಟ್ಟರೆ ಜೌಗಾಗಲ್ಲ, ಕೆರೆ ಆಗುತ್ತೆ. ಅದಕ್ಕೆ ಲಾರಿಗಟ್ಟಲೆ ಮಣ್ಣು ತಂದು ನೆಲ ಎತ್ತರಿಸಬೇಕಾಯ್ತು. ಪಕ್ಕದಲ್ಲೇ ಸ್ಯಾನ್ ಕಾರ್ಲೋಸಿನ ಸಣ್ಣ ವಿಮಾನ ನಿಲ್ದಾಣ ಇದೆ, ಹಕ್ಕಿಗಳ ಗುಂಪು ವಿಮಾನದ ದಾರಿಗೆ ಬರಬಾರದು. ಸೊಳ್ಳೆ ಹೆಚ್ಚಾಗಬಾರದು. ಜೊತೆಗೆ ಹೊರಗಿನಿಂದ ಬಂದ ಸ್ಪಾರ್ಟಿನಾ ಅನ್ನೋ ಹುಲ್ಲು ಇಲ್ಲಿನ ಹುಲ್ಲಿನ ಜೊತೆ ಬೆರೆತು ಕೆಸರನ್ನೆಲ್ಲ ಮುಚ್ಚಿಕೊಂಡು ಬರುತ್ತೆ, ನಮ್ಮಲ್ಲಿ ಲಂಟಾನ ಕಾಡು ನುಂಗಿದ ಹಾಗೆ. ಅದನ್ನು ವರ್ಷವರ್ಷ ಹುಡುಕಿ ತೆಗೀತಾನೇ ಇರಬೇಕು. ಇಷ್ಟೆಲ್ಲ ಯಾರಿಗೆ? ರಿಜ್‌ವೇಸ್ ರೈಲ್ ಅನ್ನೋ ಹಕ್ಕಿಗೆ (ನಮ್ಮ ಹುಂಡುಕೋಳಿಯ ನೆಂಟ), ಉಪ್ಪುನೀರು ಕುಡಿದೂ ಬದುಕೋ ಒಂದು ಪುಟಾಣಿ ಇಲಿಗೆ. ಎರಡೂ ಅಳಿವಿನಂಚಿನಲ್ಲಿವೆ. ಯಾಕಂದ್ರೆ ಈ ಕೊಲ್ಲಿಯ ಸುತ್ತ ಮೊದಲಿದ್ದ ಇಂಥ ಜೌಗಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ಹೊರಟುಹೋಗಿದೆ. ಇನ್ನೊಂದು, ಸಮುದ್ರ ಏರ್ತಾ ಇರೋ ಈ ಕಾಲದಲ್ಲಿ ಅಲೆಯ ಹೊಡೆತ ಮೊದಲು ತಡೆಯೋದೇ ಜೌಗು. ಅದರ ಹಿಂದೆ ಇರೋದು ನಮ್ಮ ಆಫೀಸುಗಳೇ.

ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಿಲೀಸ್ ದಿನ ಕೇಕ್ ಕತ್ತರಿಸ್ತಾರೆ, ಮ್ಯಾನೇಜರ್ ಮೇಲ್ ಹಾಕ್ತಾರೆ. ಆಮೇಲೆ ಐದು ವರ್ಷ ಮೆಂಟೆನೆನ್ಸ್ ಮಾಡೋನ ಹೆಸರು ಯಾರಿಗೂ ಗೊತ್ತಿರಲ್ಲ. ಕಾಡಿನದೂ ಅದೇ ಹಣೆಬರಹ.

ಈ ವಿಷಯ ಅಪ್ಪನ ಹತ್ತಿರ ಫೋನಲ್ಲಿ ಮಾತಾಡಿದ್ದೆ. ನಮ್ಮದು ಶಿರಸಿ ಕಡೆ, ಅಡಿಕೆ ತೋಟದ ಮನೆ. "ಇಲ್ಲಿ ಜನ ದುಡ್ಡು ಹಾಕಿ ಕಾಡು ಕೊಳ್ತಾರೆ ಅಪ್ಪಾ" ಅಂದೆ. ಅಪ್ಪನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಕೊಳ್ಳಲಿ ತಮಾ. ಕೊಂಡ ಮೇಲೆ ನೋಡಿಕೊಳ್ಳೋರು ಯಾರು?" ಅಂತ ಕೇಳಿದರು. ತೋಟ ಕೊಳ್ಳೋಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ದಿನ ಸಾಕು. ಮಳೆಗಾಲದಲ್ಲಿ ಕೊಳೆಗೆ ಮದ್ದು ಹೊಡೆಯೋಕೆ ಕೊನೆಗೌಡ ಸಿಗಬೇಕಲ್ಲ, ಅದು ಪ್ರತಿವರ್ಷದ ತಲೆನೋವು. ಎಕರೆಗಟ್ಟಲೆ ಕೊಂಡು ಪೇಟೆಯಲ್ಲಿ ಕೂತವರ ತೋಟ ಏನಾಯ್ತು ಅಂತ ಅಪ್ಪ ಮೂರು ಉದಾಹರಣೆ ಕೊಟ್ಟರು. ಮೂರನ್ನೂ ನಾನು ನೋಡಿದ್ದೇನೆ.

ಹಾಗಾದರೆ ಕೊಳ್ಳೋದು ದಂಡವೇ? ಖಂಡಿತ ಅಲ್ಲ. ಕೊಳ್ಳದಿದ್ದರೆ ಬೇರ್ ಐಲ್ಯಾಂಡಿನಲ್ಲಿ ಇವತ್ತು ಅಪಾರ್ಟ್‌ಮೆಂಟು ಇರ್ತಿತ್ತು. ಇನ್ನೊಂದು ವಿಷಯ, ಯಾವಾಗಲೂ ಪೂರ್ತಿ ಜಾಗ ಕೊಳ್ಳಲೇಬೇಕು ಅಂತಿಲ್ಲ. ಇಲ್ಲಿ ಕನ್ಸರ್ವೇಶನ್ ಈಸ್‌ಮೆಂಟ್ ಅಂತ ಒಂದು ಉಪಾಯ ಇದೆ. ಜಾಗ ರೈತನ ಹೆಸರಿನಲ್ಲೇ ಇರುತ್ತೆ, ಅವನು ದನ ಮೇಯಿಸಬಹುದು, ಬೇಸಾಯ ಮಾಡಬಹುದು, ಮಾರಲೂಬಹುದು. ಲೇಔಟ್ ಮಾಡೋ ಹಕ್ಕನ್ನು ಮಾತ್ರ ಟ್ರಸ್ಟಿಗೆ ಕೊಟ್ಟಿರ್ತಾನೆ ಅಥವಾ ಮಾರಿರ್ತಾನೆ. ಮುಂದೆ ಯಾರೇ ಕೊಂಡರೂ ಆ ಕರಾರು ಜಾಗದ ಜೊತೆಗೇ ಹೋಗುತ್ತೆ. ನಮ್ಮ ಸೊಪ್ಪಿನಬೆಟ್ಟ ಬಲ್ಲವರಿಗೆ ಇದು ಹೊಸದೇನಲ್ಲ. ನೆಲ ಸರ್ಕಾರದ್ದು, ತೋಟಕ್ಕೆ ಸೊಪ್ಪು ದರಕು ತರೋ ಹಕ್ಕು ನಮ್ಮದು, ಬೋಳಿಸಿ ಮನೆ ಕಟ್ಟೋ ಹಕ್ಕು ನಮಗಿಲ್ಲ. ಒಂದೇ ನೆಲದ ಮೇಲಿನ ಹಕ್ಕುಗಳನ್ನು ಬೇರೆ ಬೇರೆ ಮಾಡಿ ಹಂಚಬಹುದು ಅನ್ನೋದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು.

ಆದರೆ ಈಸ್‌ಮೆಂಟಿಗೂ ಕಾವಲು ಬೇಕು. ಅಮೆರಿಕದ ಲ್ಯಾಂಡ್ ಟ್ರಸ್ಟುಗಳ ಒಕ್ಕೂಟ ಮಾಡಿಕೊಂಡಿರೋ ನಿಯಮದ ಪ್ರಕಾರ ಇಂಥ ಪ್ರತಿ ಜಾಗವನ್ನೂ ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು. ಕರಾರು ಮುರಿದವರ ಮೇಲೆ ಕೇಸು ಹಾಕಬೇಕು, ಅದಕ್ಕೆ ದುಡ್ಡು ತೆಗೆದಿಟ್ಟಿರಬೇಕು. "ಶಾಶ್ವತವಾಗಿ ಉಳಿಸ್ತೀವಿ" ಅಂತ ಹೇಳೋದು ಸುಲಭ. ಶಾಶ್ವತ ಅನ್ನೋದು ಎಷ್ಟು ವರ್ಷದ ಸಂಬಳ ಅಂತ ಲೆಕ್ಕ ಹಾಕಿ ನೋಡಿ.

ಕಾಡಿನ ಕಥೆಯೂ ಇದೇ. ಸ್ಯಾಂಟಾ ಕ್ರೂಜ್ ಬೆಟ್ಟಸಾಲಿನಲ್ಲಿ ಸ್ಯಾನ್ ವಿಸೆಂಟೆ ರೆಡ್‌ವುಡ್ಸ್ ಅಂತ ಸುಮಾರು 8,500 ಎಕರೆಯ ಕಾಡು. ಒಂದು ಸಿಮೆಂಟ್ ಕಂಪನಿಯ ಕೈಲಿತ್ತು. 2011ರಲ್ಲಿ ನಮ್ಮ ಟ್ರಸ್ಟು, 1900ರಲ್ಲೇ ಶುರುವಾದ ಸೆಂಪರ್‌ವೈರೆನ್ಸ್ ಫಂಡು ಎರಡೂ ಸೇರಿ 3 ಕೋಟಿ ಡಾಲರಿಗೆ ಕೊಂಡವು. ಒಂಬತ್ತು ವರ್ಷ ಕಳೀತು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿ 86,000 ಎಕರೆಗೂ ಹೆಚ್ಚು ಸುಟ್ಟಿತು, ಅದರಲ್ಲಿ ಈ ಕಾಡು ಹೆಚ್ಚುಕಮ್ಮಿ ಪೂರ್ತಿ ಸಿಕ್ಕಿಹಾಕಿಕೊಂಡಿತು. ರೆಡ್‌ವುಡ್ ಗಟ್ಟಿ ಜೀವ, ಕರಕಲಾದ ಕಾಂಡದಿಂದಲೇ ಮತ್ತೆ ಚಿಗುರುತ್ತೆ. ಆದರೆ ಪೊದೆ ಸವರೋದು, ತಂಪು ಹೊತ್ತಿನಲ್ಲಿ ಬೇಕಂತಲೇ ಸಣ್ಣ ಬೆಂಕಿ ಹಾಕಿ ದೊಡ್ಡ ಬೆಂಕಿಗೆ ಮೇವಿಲ್ಲದಂತೆ ಮಾಡೋದು, ಇದೆಲ್ಲ ಮನುಷ್ಯರೇ ಮಾಡಬೇಕು. ಇಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಹೀಗೇ ಬೆಂಕಿಯಿಂದ ಕಾಡು ನೋಡಿಕೊಂಡಿದ್ದರು. ಅವರನ್ನು ಓಡಿಸಿ, ಬೆಂಕಿಯನ್ನು ನಿಷೇಧಿಸಿ, ನೂರು ವರ್ಷ ಕಳೆದ ಮೇಲೆ ಈಗ ಅದನ್ನೇ ಮತ್ತೆ ಕಲೀತಿದ್ದಾರೆ. "ಏನೂ ಮಾಡದೆ ಬಿಟ್ಟರೆ ಪ್ರಕೃತಿ ತಾನೇ ನೋಡಿಕೊಳ್ಳುತ್ತೆ" ಅನ್ನೋರಿಗೆ ನಾನು ಈ ಕಾಡನ್ನು ತೋರಿಸ್ತೀನಿ.

ಇನ್ನು ಒಂದು ಆಕ್ಷೇಪ. ಇಲ್ಲಿರೋ ನಮ್ಮವರೇ ಕೇಳ್ತಾರೆ, "ಈ ಟ್ರಸ್ಟುಗಳು ಜಾಗ ಹಿಡಿದು ಕೂತಿದ್ದಕ್ಕೇ ಅಲ್ವೇನೋ ನಮ್ಮ ಬಾಡಿಗೆ ಹೀಗೆ ಏರಿರೋದು? ಶ್ರೀಮಂತರು ತಮ್ಮ ಕಿಟಕಿಯಿಂದ ಕಾಣೋ ಬೆಟ್ಟ ಉಳಿಸಿಕೊಳ್ಳೋಕೆ ಮಾಡಿಕೊಂಡ ವ್ಯವಸ್ಥೆ ಇದು." ಸಂಬಳದ ದೊಡ್ಡ ಪಾಲು ಬಾಡಿಗೆಗೆ ಸುರಿಯೋ ನನಗೆ ಈ ಪ್ರಶ್ನೆ ಚುಚ್ಚದೆ ಇರುತ್ತಾ? ಆದರೆ ಯೋಚಿಸಿ ನೋಡಿ. ಸ್ಟೇಶನ್ನಿನ ಪಕ್ಕ, ಆಫೀಸುಗಳ ಪಕ್ಕ, ರಸ್ತೆ ಚರಂಡಿ ಎಲ್ಲ ಇರೋ ಕಡೆ ಒಂದು ಸೈಟಿಗೆ ಒಂದೇ ಮನೆ ಅನ್ನೋ ನಿಯಮ ದಶಕಗಟ್ಟಲೆ ಇಟ್ಟುಕೊಂಡು ಬಂದ ಊರುಗಳಿವು. ಮನೆಯ ಬರ ಹುಟ್ಟಿದ್ದು ಅಲ್ಲಿ. ಉಬ್ಬರದ ನೀರು ಬರೋ ಕೆಸರಿನಲ್ಲಿ ಮನೆ ಕಟ್ಟಿ ಆ ಬರ ತೀರಿಸೋಕಾಗಲ್ಲ. ಬೇಕಾದರೆ ಒಂದು ಕೈಯಲ್ಲಿ ಟ್ರಸ್ಟಿಗೆ ಚೆಕ್ ಬರೆದು, ಇನ್ನೊಂದು ಕೈಯಲ್ಲಿ ತಮ್ಮ ಬೀದಿಗೆ ಅಪಾರ್ಟ್‌ಮೆಂಟ್ ಬರಬಾರದು ಅಂತ ಅರ್ಜಿ ಬರೆಯೋರನ್ನು ಹಿಡಿದು ಕೇಳೋಣ. ಅಂಥವರು ಇಲ್ಲಿ ಇದ್ದಾರೆ, ಬೇಕಾದಷ್ಟು.

ಈಗ ನಮ್ಮ ನಾಡಿಗೆ ಬರೋಣ. ಇಲ್ಲಿನವರು ಸ್ಟೂವರ್ಡ್‌ಶಿಪ್ ಫಂಡ್ ಅಂತ ದೊಡ್ಡ ಹೆಸರಿಟ್ಟಿರೋದು ನಮಗೆ ಅಮೆರಿಕದವರು ಹೇಳಿಕೊಡಬೇಕಾದ್ದಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದ್ದು ಮಾತ್ರ ಬರೆದಿಲ್ಲ. ಕಟ್ಟಿದ ಕೆರೆ ಮುಂದೆ ಹಾಳಾಗದಂತೆ ಗದ್ದೆ ಬಿಟ್ಟುಕೊಟ್ಟಿದ್ದನ್ನೂ ಬರೆದಿದ್ದಾರೆ. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಅಂತ ಹೆಸರುಗಳೇ ಇವೆ. ಏರಿಗೆ ಮಣ್ಣು ಹೊರೋ ಬಂಡಿಯ ಖರ್ಚಿಗೆ ಅಂತಲೇ ದತ್ತಿ ಬಿಟ್ಟಿರೋ ಶಾಸನಗಳಿವೆ. ಎಂಥ ಪ್ರಾಕ್ಟಿಕಲ್ ಜನ ನೋಡಿ! ಕೊನೆಗೆ, ಈ ದಾನವನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಹಸುವನ್ನು ಕೊಂದ ಪಾಪ ಅಂತ ಶಾಪ. ಕೋರ್ಟು ಕಚೇರಿ ದೂರ ಇದ್ದ ಕಾಲದ ಎನ್‌ಫೋರ್ಸ್‌ಮೆಂಟ್ ಕ್ಲಾಸ್ ಅದು :) ಆ ಶಾಪದ ಜೊತೆಗೇ ಇನ್ನೊಂದು ಮಾತು ಬರುತ್ತೆ. ಅದರ ಸಾರಾಂಶ: ದಾನ ಕೊಡೋದು, ಬೇರೆಯವರು ಕೊಟ್ಟ ದಾನವನ್ನು ಕಾಪಾಡೋದು, ಈ ಎರಡರಲ್ಲಿ ಕಾಪಾಡೋದೇ ಹೆಚ್ಚಿನದು. ನಾನು ಇಷ್ಟು ಹೊತ್ತು ಹೇಳ್ತಿರೋದನ್ನು ಅವರು ಕಲ್ಲಿನಲ್ಲೇ ಕೆತ್ತಿಸಿಟ್ಟಿದ್ದಾರೆ.

ಅದನ್ನು ನಾವು ಕಳೆದುಕೊಂಡ ಬಗೆಯೂ ಗೊತ್ತಿದೆ. ಕೆರೆ ಸರ್ಕಾರದ್ದಾಯ್ತು, ಹೂಳೆತ್ತೋ ಕೆಲಸ ಟೆಂಡರಿನದಾಯ್ತು, ನೀರುಗಂಟಿ ಕಾಣೆಯಾದ. ಕೊಡಗಿನಲ್ಲಿ ಇವತ್ತಿಗೂ 1,200ಕ್ಕೂ ಹೆಚ್ಚು ದೇವರಕಾಡುಗಳು ಲೆಕ್ಕದಲ್ಲಿವೆ. ಆದರೆ ಕಳೆದ ಶತಮಾನದಲ್ಲಿ ಅವುಗಳ ವಿಸ್ತೀರ್ಣ ಒತ್ತುವರಿಯಿಂದ ಬಹಳ ಕುಗ್ಗಿದೆ. ದೇವರು ಅಲ್ಲೇ ಇದ್ದಾನೆ. ಸುತ್ತ ಕಣ್ಣಿಟ್ಟಿರ್ತಿದ್ದ ಜನ ಕಮ್ಮಿಯಾದರು.

ಆದರೂ ಕಾಯೋದರಿಂದಲೇ ಶುರುಮಾಡಿದವರು ನಮ್ಮಲ್ಲೂ ಇದ್ದಾರೆ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿ. 2010ರಲ್ಲಿ ಅಕ್ಕಪಕ್ಕದ ನಿವಾಸಿಗಳು ಒಂದು ಟ್ರಸ್ಟ್ ಮಾಡಿಕೊಂಡರು, 2011ರಲ್ಲಿ ಬಿಬಿಎಂಪಿ ಜೊತೆ ನಿರ್ವಹಣೆಯ ಒಪ್ಪಂದ ಆಯ್ತು. ಒಂದು ಅಡಿ ಜಾಗವನ್ನೂ ಅವರು ಕೊಳ್ಳಲಿಲ್ಲ, ಕೆರೆ ಸರ್ಕಾರದ್ದೇ. ಜನ ಕೊಟ್ಟ ದೇಣಿಗೆ ಹೋಗಿದ್ದು ಕಳೆ ತೆಗೆಯೋದಕ್ಕೆ, ಗಿಡ ನೋಡಿಕೊಳ್ಳೋದಕ್ಕೆ, ಕಾವಲಿಗೆ. ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರನ್ನು ಕೆರೆಗೆ ಹರಿಸೋ ವ್ಯವಸ್ಥೆಯೂ ಆಯ್ತು. ಇನ್ನೊಂದು, ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳು ಗೂಡು ಕಟ್ಟೋದು ಊರೊಳಗಿನ ಮರಗಳ ಮೇಲೆ. ಗೂಡಿರೋ ಮರ ಕಡಿಯದೆ ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡೋ ಪದ್ಧತಿ ಬಂತು, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯ್ತು. ಮರದ ಒಡೆಯ ಒಡೆಯನಾಗೇ ಉಳಿದ, ಹಕ್ಕಿಯೂ ಉಳೀತು. ಈಸ್‌ಮೆಂಟ್ ಅಂದ್ರೆ ಇದರ ಅಣ್ಣನೋ ತಮ್ಮನೋ ಅಷ್ಟೇ.

ಇದಕ್ಕೆ ಎದುರಾಗಿ ನಮ್ಮ ಐಟಿ ಬಳಗದಲ್ಲಿ ನಡೀತಿರೋದು ನೋಡಿ. 2020ರ ತಿದ್ದುಪಡಿಯಲ್ಲಿ ಕರ್ನಾಟಕ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದರು. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳೋ ಬಾಗಿಲು ತೆರೀತು. ಗೆಳೆಯರು ಸಕಲೇಶಪುರದ ಕಡೆ ಅರ್ಧ ಎಕರೆ, ಒಂದು ಎಕರೆ ಕೊಂಡರು, "ನೇಚರ್ ಮಧ್ಯೆ ಇರಬೇಕು ಮಗಾ" ಅಂತ. ಬೇಲಿ, ಬೋರ್‌ವೆಲ್ಲು, ಸ್ವಿಮ್ಮಿಂಗ್ ಪೂಲು. ವರ್ಷಕ್ಕೆ ನಾಲ್ಕು ವೀಕೆಂಡ್ ಹೋಗ್ತಾರೆ. ಕೊಂಡಿದ್ದು ಹಸಿರನ್ನು ನೋಡಿಯೇ, ಆದರೆ ಕಾಯೋ ಲೆಕ್ಕ ಯಾರೂ ಹಾಕಿಲ್ಲ. ಅದೇ ದುಡ್ಡಿನ ಹತ್ತರಲ್ಲೊಂದು ಭಾಗವನ್ನು ಊರಿನ ಕೆರೆಗೋ ದೇವರಕಾಡಿಗೋ ಒಂದು ಠೇವಣಿ ಮಾಡಿ, ಬಡ್ಡಿಯಲ್ಲಿ ಅಲ್ಲಿಯ ಒಬ್ಬರಿಗೆ ಸಂಬಳ ಕೊಟ್ಟರೆ? ಅದೇ ಇವತ್ತಿನ ಕೆರೆಗೊಡಗೆ.

ಹಾಗಾಗಿ ನನ್ನ ಸಲಹೆ ಇಷ್ಟು. ನೀವು ಎಲ್ಲೇ ಇರಿ, ಕಾಡಿಗೋ ಕೆರೆಗೋ ದೇಣಿಗೆ ಕೊಡೋ ಮೊದಲು ಒಂದು ಪ್ರಶ್ನೆ ಕೇಳಿ: "ಹತ್ತು ವರ್ಷದ ಮೇಲೆ ಇದನ್ನು ನೋಡಿಕೊಳ್ಳೋರು ಯಾರು, ಅವರ ಸಂಬಳ ಎಲ್ಲಿಂದ ಬರುತ್ತೆ?" ಉತ್ತರ ಇರೋ ಕಡೆ ಧೈರ್ಯವಾಗಿ ಕೊಡಿ. ಒಂದೇ ಸಲ ದೊಡ್ಡ ಮೊತ್ತ ಕೊಡೋದಕ್ಕಿಂತ ತಿಂಗಳು ತಿಂಗಳು ಸಣ್ಣದಾಗಿ ಕೊಡಿ, ಕಾವಲುಗಾರನ ಸಂಬಳವೂ ತಿಂಗಳಿಗೇ ಅಲ್ವಾ. "ನನ್ನ ದುಡ್ಡು ಗಿಡ ನೆಡೋಕೆ ಮಾತ್ರ" ಅಂತ ಷರತ್ತು ಹಾಕಬೇಡಿ. ನೆಡೋಕೆ ಎಲ್ಲರೂ ಬರ್ತಾರೆ, ನೀರು ಹಾಕೋಕೆ ಬರಲ್ಲ. ಕೊಲ್ಲಿಯ ದಂಡೆಯಲ್ಲಿ ಕಳೆ ಕೀಳೋ ಶನಿವಾರಗಳಿಗೆ ನಾನು ಹೋಗ್ತೀನಿ. ಗಿಡ ನೆಡೋ ದಿನ ಪಾರ್ಕಿಂಗ್ ಸಿಗಲ್ಲ, ಕಳೆ ಕೀಳೋ ದಿನ ಎಂಟು ಜನ. ಅದರಲ್ಲಿ ಐದು ಜನ ರಿಟೈರ್ ಆದವರು.

"ಅಮೆರಿಕದ ಜೌಗಿಗೆ ನೀನ್ಯಾಕೆ ಬಗ್ಗಬೇಕು, ನಮ್ಮೂರಿಗೆ ಮಾಡು" ಅಂತಲೂ ಕೆಲವರು ಹೇಳ್ತಾರೆ. ಎರಡೂ ಕಡೆ ಮಾಡ್ತೀನಿ. ಎಲ್ಲಿ ಉಣ್ತೀವೋ ಅಲ್ಲಿಯ ನೆಲ ನೋಡಿಕೊಳ್ಳೋದಕ್ಕೆ ಪಾಸ್‌ಪೋರ್ಟಿನ ಬಣ್ಣ ಅಡ್ಡ ಬರಬಾರದು. ಇಲ್ಲಿ ಬಗ್ಗಿ ಕಲಿತದ್ದು ಊರಿನಲ್ಲೂ ಉಪಯೋಗಕ್ಕೆ ಬರುತ್ತೆ, ಕಳೆ ಎರಡೂ ಕಡೆ ಒಂದೇ ಥರ ಬೆಳೆಯುತ್ತೆ.

ನಿಮ್ಮೂರಿನ ಕೆರೆ, ಬನ, ಬೆಟ್ಟವನ್ನು ಈಗ ಯಾರು ಕಾಯ್ತಿದ್ದಾರೆ? ಹೆಸರು ಗೊತ್ತಿದ್ದರೆ ಒಮ್ಮೆ ಹೋಗಿ ಮಾತಾಡಿಸಿ ಬನ್ನಿ. ಯಾರೂ ಇಲ್ಲ ಅಂತಾದರೆ, ಅಲ್ಲಿಂದಲೇ ಶುರು ಮಾಡಬಹುದಲ್ವಾ?